2023ರ ಬೆಂಗಳೂರು ಎಚ್‌ಎಎಲ್ ವಿಮಾನ ನಿಲ್ದಾಣದ ಲಘು ಜೆಟ್ ತುರ್ತು ಭೂಸ್ಪರ್ಶ

2023ರ ಜುಲೈ 11ರ ಮಂಗಳವಾರ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೇರಿದ ಪ್ರೀಮಿಯರ್ 1ಎ ಮಾದರಿಯ ಲಘು ಜೆಟ್ ವಿಮಾನವೊಂದು, ಮೂತಿಯ ಭಾಗದ ಗಾಲಿಯ ವ್ಯವಸ್ಥೆ ಕೈಕೊಟ್ಟ ಕಾರಣ ಹಾದಿಯಿಂದ ಹಿಂದಿರುಗಿ, ಆ ಗಾಲಿಯ ಆಸರೆಯಿಲ್ಲದೆಯೇ ಅದೇ ನಿಲ್ದಾಣದ ರನ್‌ವೇ ಮೇಲೆ ಇಳಿಯಿತು. ವಿಮಾನದಲ್ಲಿ ಇಬ್ಬರು ಪೈಲಟ್‌ಗಳಿದ್ದರು, ಪ್ರಯಾಣಿಕರು ಇರಲಿಲ್ಲ. ಇಬ್ಬರೂ ಸುರಕ್ಷಿತವಾಗಿ ಹೊರಬಂದರು. ವಿಮಾನವು ಮೂತಿಯನ್ನು ನೆಲಕ್ಕೆ ಉಜ್ಜುತ್ತ ಸಾಗಿ ನಿಂತ ದೃಶ್ಯದ ಕಿರುಚಿತ್ರವು ಅಂದೇ ದೇಶದಾದ್ಯಂತ ಪ್ರಸಾರವಾಯಿತು. ಪ್ರಾಣಹಾನಿಯಿಲ್ಲದ ಕಾರಣ ಸುದ್ದಿಯಾಗಿ ಇದು ಎರಡು ದಿನಕ್ಕಿಂತ ಹೆಚ್ಚು ಬಾಳಲಿಲ್ಲ. ಆದರೆ ಯಂತ್ರದೋಷದಿಂದ ಉಂಟಾಗುವ ಭೂಸ್ಪರ್ಶದ ಅವಘಡಗಳು ಹೇಗೆ ಸಂಭವಿಸುತ್ತವೆ, ಹೇಗೆ ಮುಗಿಯುತ್ತವೆ, ಅವುಗಳ ಬಗ್ಗೆ ಸರ್ಕಾರಿ ಪ್ರಕಟಣೆಗಳು ಏನು ಹೇಳುತ್ತವೆ ಎಂಬುದನ್ನು ಅರಿಯಲು ಕರ್ನಾಟಕದಲ್ಲಿ ನಡೆದ ಘಟನೆಗಳ ಪೈಕಿ ಇದರಷ್ಟು ಸ್ಪಷ್ಟವಾದ ಉದಾಹರಣೆ ವಿರಳ.

ವಿಮಾನ

ಘಟನೆಗೆ ಒಳಗಾದ ವಿಮಾನದ ನೋಂದಣಿ ಸಂಖ್ಯೆ ವಿಟಿ-ಕೆಬಿಎನ್. ಭಾರತದಲ್ಲಿ ನೋಂದಣಿಯಾದ ಎಲ್ಲ ನಾಗರಿಕ ವಿಮಾನಗಳ ಸಂಖ್ಯೆಯೂ 'ವಿಟಿ' ಎಂಬ ಅಕ್ಷರಗಳಿಂದಲೇ ಆರಂಭವಾಗುತ್ತದೆ. ಫ್ಲೈ ಬೈ ವೈರ್ ಎಂಬ ಸಂಸ್ಥೆಯು ಇದನ್ನು ನಡೆಸುತ್ತಿತ್ತು. ಅಂದು ವಿಮಾನ ಸಾಗಬೇಕಿದ್ದ ದೂರ ಅತ್ಯಲ್ಪ: ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ.

ಪ್ರೀಮಿಯರ್ ಸರಣಿಯ ವಿಮಾನಗಳನ್ನು ಅಮೆರಿಕದ ರೇಥಿಯಾನ್ ಏರ್‌ಕ್ರಾಫ್ಟ್ ಕಂಪನಿ ರೂಪಿಸಿತು. ಮೊದಲ ಹಾರಾಟ ನಡೆದದ್ದು 1998ರ ಡಿಸೆಂಬರ್‌ನಲ್ಲಿ. ಅಮೆರಿಕದ ಸರ್ಕಾರದ ಅನುಮೋದನೆ ದೊರೆತದ್ದು 2001ರಲ್ಲಿ. ಸುಧಾರಿತ ರೂಪವಾದ 1ಎ ಮಾದರಿ 2005ರಲ್ಲಿ ಬಂದಿತು. ಮುಂದೆ ಈ ಕಂಪನಿ ಹಾಕರ್ ಬೀಚ್‌ಕ್ರಾಫ್ಟ್ ಎಂಬ ಹೆಸರು ಪಡೆದು, 2012ರಲ್ಲಿ ದಿವಾಳಿತನದ ಅರ್ಜಿ ಸಲ್ಲಿಸಿತು; ಪ್ರೀಮಿಯರ್‌ನ ತಯಾರಿಕೆ ಅಲ್ಲಿಗೆ ಕೊನೆಗೊಂಡಿತು. ಹೀಗಾಗಿ 2023ರಲ್ಲಿ ಹಾರುತ್ತಿದ್ದ ಪ್ರತಿಯೊಂದು ಪ್ರೀಮಿಯರ್ ವಿಮಾನವೂ ತಯಾರಿಕೆ ನಿಂತು ಹೋದ ಮಾದರಿಗೆ ಸೇರಿದ್ದು. ಹಳೆಯದೆಂಬ ಮಾತ್ರಕ್ಕೆ ವಿಮಾನ ಅಪಾಯಕಾರಿಯಾಗುವುದಿಲ್ಲ. ನಿಗದಿತ ಗಂಟೆಗಳಿಗೊಮ್ಮೆ, ನಿಗದಿತ ಇಳಿಕೆಗಳಿಗೊಮ್ಮೆ ಬಿಡಿಭಾಗಗಳನ್ನು ತಪಾಸಣೆ ಮಾಡಿ ಬದಲಿಸುತ್ತ ಹೋದರೆ ವಿಮಾನಗಳು ಹಲವು ದಶಕ ಬಾಳುತ್ತವೆ. ಆದರೆ ಆ ನಿಗದಿಯನ್ನು ಪಾಲಿಸುವ ಹೊಣೆ ವಯಸ್ಸಿನೊಂದಿಗೆ ಹೆಚ್ಚುತ್ತದೆ.

ಈ ವಿಮಾನದ ಗರಿಷ್ಠ ತೂಕ 5,670 ಕಿಲೋಗ್ರಾಂ. ಒಬ್ಬನೇ ಪೈಲಟ್ ನಡೆಸಬಹುದಾದ ವಿಮಾನವೆಂದು ಇದಕ್ಕೆ ಮಾನ್ಯತೆಯಿದೆ. ಒಡಲು ಕಾರ್ಬನ್ ನಾರಿನ ಸಂಯುಕ್ತ ವಸ್ತುವಿನಿಂದಲೂ ರೆಕ್ಕೆಗಳು ಲೋಹದಿಂದಲೂ ಆಗಿವೆ. ಎರಡು ಜೆಟ್ ಎಂಜಿನ್‌ಗಳು ರೆಕ್ಕೆಯ ಕೆಳಗಿರದೆ ಒಡಲಿನ ಹಿಂಭಾಗದ ಇಕ್ಕೆಲಗಳಲ್ಲಿ, ಬಾಲದ ಸಮೀಪ ಕೂಡಿಸಲ್ಪಟ್ಟಿವೆ. ಈ ಕೊನೆಯ ಎರಡು ವಿವರಗಳು ಮುಂದಿನ ಚರ್ಚೆಯಲ್ಲಿ ಉಪಯೋಗಕ್ಕೆ ಬರುತ್ತವೆ.

ನಿಲ್ದಾಣ

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಜೊತೆಗೆ ಬೆಳೆದ ನಿಲ್ದಾಣವಿದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ಬೆಂಗಳೂರಿನ ಪ್ರಯಾಣಿಕರೆಲ್ಲರೂ ಇಲ್ಲಿಂದಲೇ ಹಾರುತ್ತಿದ್ದರು. ಆ ಬಳಿಕ ವೇಳಾಪಟ್ಟಿಯ ನಾಗರಿಕ ವಿಮಾನಗಳು ಇಲ್ಲಿಂದ ತೆರಳಿದವು. ರಕ್ಷಣಾ ವಿಮಾನಗಳು, ಪರೀಕ್ಷಾ ಹಾರಾಟಗಳು, ಗಣ್ಯರ ಮತ್ತು ಉದ್ಯಮಿಗಳ ಬಾಡಿಗೆ ವಿಮಾನಗಳು ಉಳಿದವು. ರನ್‌ವೇಯ ಉದ್ದ ಸುಮಾರು 3,300 ಮೀಟರ್. ಪ್ರೀಮಿಯರ್‌ನಂತಹ ಲಘು ಜೆಟ್‌ಗೆ ಇದರ ಅರ್ಧದಷ್ಟು ಉದ್ದವೂ ಸಾಮಾನ್ಯ ದಿನಗಳಲ್ಲಿ ಸಾಕು.

ಘಟನೆ ಮತ್ತು ಪ್ರಕಟಣೆ

ಡಿಜಿಸಿಎ ಎಂದೇ ಪರಿಚಿತವಾದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಅಂದು ಚಿಕ್ಕದೊಂದು ಹೇಳಿಕೆಯನ್ನು ಬಿಡುಗಡೆ ಮಾಡಿತು. ಅದರ ಸಾರ ಇಷ್ಟು: ಮೇಲೇರಿದ ಬಳಿಕ ಮೂತಿಯ ಲ್ಯಾಂಡಿಂಗ್ ಗೇರನ್ನು ಮೇಲಕ್ಕೆ ಮಡಚಿಕೊಳ್ಳಲು ಸಾಧ್ಯವಾಗದ ಕಾರಣ ವಿಮಾನ ಹಿಂದಿರುಗಿತು, ಮೂತಿಯ ಲ್ಯಾಂಡಿಂಗ್ ಗೇರ್ ಮೇಲಿದ್ದ ಸ್ಥಿತಿಯಲ್ಲಿಯೇ ಸುರಕ್ಷಿತವಾಗಿ ಇಳಿಯಿತು, ಇಬ್ಬರು ಪೈಲಟ್‌ಗಳಿದ್ದರು, ಪ್ರಯಾಣಿಕರಿರಲಿಲ್ಲ.

ವ್ಯಾಕರಣ ಕಲಿಸಿದವರ ಕಣ್ಣಿಗೆ ಈ ಹೇಳಿಕೆಯಲ್ಲಿ ಒಂದು ತೊಡಕು ಕೂಡಲೇ ಬೀಳುತ್ತದೆ. ಮೇಲಕ್ಕೆ ಮಡಚಲು ಬಾರದ ಗಾಲಿಯು ಕೆಳಗೇ ಇರಬೇಕಲ್ಲವೆ? ಕೆಳಗಿದ್ದರೆ ಇಳಿಯಲು ಅಡ್ಡಿಯೇನು? ಮೇಲೆಯೇ ಇದ್ದಿತೆಂದರೆ ಮೊದಲ ವಾಕ್ಯ ಹೇಗೆ ಸರಿಯಾದೀತು? ಎರಡು ವಾಕ್ಯಗಳೂ ಏಕಕಾಲಕ್ಕೆ ನಿಜವಾಗಬೇಕಾದರೆ ನಡುವೆ ಮೂರನೆಯ ಸಂಗತಿಯೊಂದು ಇರಲೇಬೇಕು. ಗಾಲಿಯು ಪೂರ್ತಿ ಮೇಲೆ ಹೋಗಿ ಬೀಗ ಬೀಳದೆ, ಪೂರ್ತಿ ಕೆಳಗೆ ಬಂದು ಬೀಗ ಬೀಳದೆ, ನಡುಹಾದಿಯಲ್ಲಿ ತೊಡಕಿಕೊಂಡಿರುವುದು ಅಂತಹ ಒಂದು ಸಾಧ್ಯತೆ; ಮಡಚಿಕೊಳ್ಳುವ ಕ್ರಮ ಅರ್ಧಕ್ಕೆ ಕೆಟ್ಟು, ಆಮೇಲೆ ಗಾಲಿ ಕೆಳಗಿಳಿಯಲು ನಿರಾಕರಿಸುವುದು ಮತ್ತೊಂದು. ಪ್ರಕಟಣೆ ಈ ನಡುವಣ ಸಂಗತಿಯನ್ನು ಹೇಳಲಿಲ್ಲ. ಬಹುತೇಕ ಮಾಧ್ಯಮಗಳು ಎರಡು ವಾಕ್ಯಗಳನ್ನೂ ಇದ್ದಂತೆಯೇ ಅಚ್ಚು ಹಾಕಿದವು. ಘಟನೆಯ ಮೊದಲ ಕೆಲವು ಗಂಟೆಗಳಲ್ಲಿ ಹೊರಬರುವ ಹೇಳಿಕೆಯು ಮಾಹಿತಿಯೇ ಹೊರತು ತನಿಖೆಯ ತೀರ್ಮಾನವಲ್ಲ ಎಂಬುದನ್ನು ಇಂತಹ ಪ್ರಕಟಣೆಗಳನ್ನು ಉಲ್ಲೇಖಿಸುವ ವಿದ್ಯಾರ್ಥಿಗಳು ನೆನಪಿಡಬೇಕು.

ಕಿರುಚಿತ್ರದಲ್ಲಿ ಕಾಣುವುದು ಹೆಚ್ಚು ಸ್ಪಷ್ಟ. ವಿಮಾನದ ಹಿಂಬದಿಯ ಮುಖ್ಯ ಗಾಲಿಗಳೆರಡೂ ಕೆಳಗಿದ್ದವು. ಅವು ಮೊದಲು ನೆಲ ಮುಟ್ಟಿದವು. ಬಳಿಕ ಮೂತಿ ಕೆಳಗಿಳಿದು ರನ್‌ವೇಗೆ ತಾಗಿ, ಜಾರುತ್ತ ಹೋಗಿ ನಿಂತಿತು.

ಗಾಲಿ ಏಕೆ ಸಿಕ್ಕಿಕೊಳ್ಳುತ್ತದೆ

ವೇಗವಾಗಿ ಹಾರುವ ವಿಮಾನಗಳು ಗಾಲಿಗಳನ್ನು ಹೊರಗೆ ನೇತಾಡಿಸಿಕೊಂಡು ಹಾರುವುದಿಲ್ಲ. ಗಾಳಿಯ ಎದುರೊತ್ತು ಹೆಚ್ಚಿ ಇಂಧನ ವ್ಯರ್ಥವಾಗುತ್ತದೆ. ಆದ್ದರಿಂದ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಪೈಲಟ್ ಒಂದು ಹಿಡಿಯನ್ನು ಮೇಲೆತ್ತುತ್ತಾನೆ. ಹೈಡ್ರಾಲಿಕ್ ದ್ರವದ ಒತ್ತಡದಿಂದ ಗಾಲಿಗಳು ಮಡಚಿಕೊಂಡು ಒಳಗೂಡನ್ನು ಸೇರುತ್ತವೆ. ಕೇಳಲು ಸರಳ. ಆದರೆ ಈ ಒಂದು ಕ್ರಿಯೆಯಲ್ಲಿ ಹಲವು ಅಂಗಗಳು ಕ್ರಮ ತಪ್ಪದೆ ಒಂದರ ಹಿಂದೊಂದು ಕೆಲಸ ಮಾಡಬೇಕು. ಕೆಳಗಿನ ಬೀಗ ಬಿಚ್ಚಬೇಕು, ಒಳಗೂಡಿನ ಬಾಗಿಲು ತೆರೆಯಬೇಕು, ತಳ್ಳುವ ಕೊಳವೆಗೆ ದ್ರವದ ಒತ್ತಡ ಸಿಗಬೇಕು, ಗಾಲಿ ಮೇಲೇರಿ ಮೇಲಿನ ಬೀಗ ಬೀಳಬೇಕು, ಬಾಗಿಲು ಮುಚ್ಚಬೇಕು, ಇದೆಲ್ಲ ಮುಗಿದುದನ್ನು ಸಂವೇದಕಗಳು ಪೈಲಟ್‌ನ ಮುಂದಿನ ದೀಪಗಳಿಗೆ ತಿಳಿಸಬೇಕು.

ಮೂತಿಯ ಗಾಲಿಗೆ ಇನ್ನೂ ಒಂದು ವಿಶೇಷ ತೊಂದರೆಯಿದೆ. ನೆಲದ ಮೇಲೆ ಸಾಗುವಾಗ ವಿಮಾನವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಗಾಲಿ ಇದೇ ಆದುದರಿಂದ ಇದು ಬೈಸಿಕಲ್ಲಿನ ಮುಂದಿನ ಚಕ್ರದಂತೆ ತಿರುಗುತ್ತದೆ. ಮಡಚಿಕೊಳ್ಳುವ ಮುನ್ನ ಅದು ನೇರವಾಗಿ ನಿಲ್ಲದಿದ್ದರೆ ಇಕ್ಕಟ್ಟಾದ ಗೂಡಿನೊಳಗೆ ಹಿಡಿಸುವುದಿಲ್ಲ; ಓರೆಯಾಗಿ ಒಳಹೊಕ್ಕರೆ ಅಲ್ಲಿಯೇ ಸಿಕ್ಕಿಕೊಳ್ಳಲೂಬಹುದು. ನೇರಗೊಳಿಸುವ ಸಾಧನದ ಸವೆತ, ನೆಲದ ಮೇಲೆ ವಿಮಾನವನ್ನು ಎಳೆದೊಯ್ಯುವ ವಾಹನವು ಗಾಲಿಯನ್ನು ಮಿತಿಮೀರಿ ತಿರುಗಿಸಿದಾಗ ಆಗುವ ಪೆಟ್ಟು, ಬಾಗಿಲಿನ ಕೊಂಡಿಗಳ ಬಿರುಕು, ದ್ರವದ ಸೋರಿಕೆ, ಬೀಗದಲ್ಲಿ ಕಸ ಇಲ್ಲವೆ ತುಕ್ಕು, ಸಂವೇದಕದ ತಪ್ಪು ಸಂದೇಶ ಇವೆಲ್ಲವೂ ಬೇರೆ ಬೇರೆ ವಿಮಾನಗಳ ತನಿಖೆಗಳಲ್ಲಿ ಕಂಡುಬಂದಿರುವ ಕಾರಣಗಳು.

ಇದಕ್ಕೆ ಪರ್ಯಾಯ ವ್ಯವಸ್ಥೆಯೂ ಇರುತ್ತದೆ. ಹೈಡ್ರಾಲಿಕ್ ಒತ್ತಡ ಇಲ್ಲದಾದರೆ ಮೇಲಿನ ಬೀಗವನ್ನು ಕೈಯಿಂದ ಬಿಚ್ಚಿ, ಗಾಲಿಯು ಸ್ವಂತ ತೂಕದಿಂದಲೇ ಕೆಳಗೆ ಬೀಳುವಂತೆ ಮಾಡಬಹುದು. ಕೆಲವು ವಿನ್ಯಾಸಗಳಲ್ಲಿ ಒತ್ತಿಟ್ಟ ಅನಿಲದ ನೆರವೂ ಉಂಟು. ಆದರೆ ಗಾಲಿ ಗೂಡಿನೊಳಗೆ ಅಡ್ಡಸಿಕ್ಕಿಕೊಂಡಿದ್ದರೆ ಗುರುತ್ವವೂ ಅನಿಲವೂ ಏನೂ ಮಾಡಲಾರವು.

ಮೂತಿಯ ಗಾಲಿಯಿಲ್ಲದೆ ಇಳಿಯುವ ಬಗೆ

ಮೂರು ಗಾಲಿಗಳ ವಿಮಾನದಲ್ಲಿ ಹೆಚ್ಚಿನ ಭಾರವನ್ನು ಹೊರುವವು ರೆಕ್ಕೆಯ ಬುಡದ ಮುಖ್ಯ ಗಾಲಿಗಳು. ಮೂತಿಯ ಗಾಲಿಯ ಪಾಲು ಸಾಮಾನ್ಯವಾಗಿ ಹತ್ತರಲ್ಲೊಂದರ ಆಸುಪಾಸು. ಶಾಲೆಯ ಅಂಗಳದ ಏರುಪೇರು ಹಲಗೆಯನ್ನು ನೆನೆಯಬಹುದು: ಆಧಾರಬಿಂದು ಬಹುಪಾಲು ಭಾರವನ್ನು ಹೊತ್ತಿರುತ್ತದೆ, ತುದಿ ಕೇವಲ ಸಮತೋಲನಕ್ಕೆ. ಆದ್ದರಿಂದ ಮೂತಿಯ ಗಾಲಿ ಇಲ್ಲದಿರುವುದು ಮುಖ್ಯ ಗಾಲಿಯೊಂದು ಇಲ್ಲದಿರುವುದಕ್ಕಿಂತ ಬಹಳ ಕಡಿಮೆ ಅಪಾಯದ ಸ್ಥಿತಿ. ಒಂದು ಬದಿಯ ಮುಖ್ಯ ಗಾಲಿ ಇಲ್ಲದಿದ್ದರೆ ಆ ಬದಿಯ ರೆಕ್ಕೆ ನೆಲಕ್ಕೆ ಬಡಿದು ವಿಮಾನ ಗಿರಕಿ ಹೊಡೆಯುತ್ತದೆ. ಅದೂ ಇಂಧನ ತುಂಬಿರುವ ರೆಕ್ಕೆ. ಎಚ್‌ಎಎಲ್ ಘಟನೆಯಲ್ಲಿ ಎರಡೂ ಮುಖ್ಯ ಗಾಲಿಗಳು ದೃಢವಾಗಿದ್ದುದರಿಂದ ರೆಕ್ಕೆಗಳು ನೆಲದಿಂದ ಮೇಲೆಯೇ ಉಳಿದವು. ಬಾಲದ ಬಳಿ ಇರುವ ಎಂಜಿನ್‌ಗಳೂ ನೆಲಕ್ಕೆ ತಾಗುವ ಪ್ರಶ್ನೆಯಿರಲಿಲ್ಲ. ಉಜ್ಜಿದ್ದು ಮೂತಿಯ ಕೆಳಭಾಗವೊಂದೇ.

ಇಂತಹ ಸಂದರ್ಭಕ್ಕೆ ವಿಮಾನದ ಕೈಪಿಡಿಗಳಲ್ಲಿ ಕ್ರಮವೊಂದನ್ನು ಬರೆದಿಟ್ಟಿರುತ್ತಾರೆ. ಮೊದಲಿಗೆ ನಿಯಂತ್ರಣ ಗೋಪುರಕ್ಕೆ ತಿಳಿಸಿ ಅಗ್ನಿಶಾಮಕ ವಾಹನಗಳನ್ನು ಸಿದ್ಧಗೊಳಿಸುವುದು. ಸಮಯವಿದ್ದರೆ ಸುತ್ತು ಹಾಕುತ್ತ ಇಂಧನವನ್ನು ತಗ್ಗಿಸುವುದು. ಹಗುರವಾದ ವಿಮಾನ ಕಡಿಮೆ ವೇಗದಲ್ಲಿ ಇಳಿಯಬಲ್ಲದು, ಬೆಂಕಿಗೆ ಆಹುತಿಯಾಗಬಲ್ಲ ಇಂಧನವೂ ಕಡಿಮೆಯಾಗುತ್ತದೆ. ಪ್ರಯಾಣಿಕರಿದ್ದರೆ ಅವರನ್ನು ಹಿಂಬದಿಯ ಆಸನಗಳಿಗೆ ಸರಿಸಿ ಭಾರವನ್ನು ಹಿಂದಕ್ಕೆ ತರುವುದೂ ಉಂಟು. ಬಳಿಕ ಮುಖ್ಯ ಗಾಲಿಗಳ ಮೇಲೆ ಮೆಲ್ಲಗೆ ಇಳಿಯಬೇಕು.

ನಿಜವಾದ ಕೌಶಲ ಬೇಕಾಗುವುದು ಇಲ್ಲಿಂದ ಮುಂದೆ. ಬಾಲದಲ್ಲಿರುವ ಎಲಿವೇಟರ್ ಎಂಬ ಅಲಗಿನ ಮೇಲೆ ಗಾಳಿ ವೇಗವಾಗಿ ಹರಿಯುತ್ತಿರುವವರೆಗೆ ಪೈಲಟ್ ಮೂತಿಯನ್ನು ಎತ್ತಿ ಹಿಡಿಯಬಲ್ಲ. ವೇಗ ಇಳಿದಂತೆ ಆ ಹಿಡಿತ ಸಡಿಲುತ್ತದೆ. ಬಹಳ ಬೇಗ ಮೂತಿಯನ್ನು ಇಳಿಸಿದರೆ ಹೆಚ್ಚಿನ ವೇಗದಲ್ಲಿ ಹೆಚ್ಚು ದೂರ ಉಜ್ಜಬೇಕಾಗುತ್ತದೆ. ತೀರಾ ತಡಮಾಡಿದರೆ ಹಿಡಿತ ಪೂರ್ತಿ ಕಳೆದು ಮೂತಿ ಧೊಪ್ಪನೆ ಬೀಳುತ್ತದೆ. ಈ ಎರಡರ ನಡುವಿನ ಒಂದೆರಡು ಸೆಕೆಂಡಿನ ಅವಧಿಯಲ್ಲಿ, ಹಿಡಿತ ಇನ್ನೂ ಉಳಿದಿರುವಾಗಲೇ, ಮೂತಿಯನ್ನು ನೆಲಕ್ಕೆ ಕೂರಿಸಬೇಕು. ಅಲ್ಲಿಯವರೆಗೆ ಬ್ರೇಕನ್ನು ಜೋರಾಗಿ ಒತ್ತುವಂತಿಲ್ಲ, ಏಕೆಂದರೆ ಬ್ರೇಕ್ ಒತ್ತಿದೊಡನೆ ಮೂತಿ ಮುಗ್ಗರಿಸುತ್ತದೆ. ಪ್ರೀಮಿಯರ್ ಜೆಟ್‌ನಲ್ಲಿ ದೊಡ್ಡ ವಿಮಾನಗಳಲ್ಲಿರುವಂತೆ ಎಂಜಿನ್‌ನ ಒತ್ತನ್ನು ಹಿಮ್ಮುಖಗೊಳಿಸುವ ಸಾಧನವೂ ಇಲ್ಲ. ರೆಕ್ಕೆಯ ಮೇಲಿನ ಫಲಕಗಳನ್ನು ಎತ್ತಿ ತೇಲುಶಕ್ತಿಯನ್ನು ಕೆಡಿಸುವ ವ್ಯವಸ್ಥೆ ಮತ್ತು ಗಾಲಿಯ ಬ್ರೇಕ್ ಮಾತ್ರ. ಅಂದರೆ ವಿಮಾನ ತಾನಾಗಿಯೇ ನಿಧಾನಗೊಳ್ಳಲು ರನ್‌ವೇ ಉದ್ದವಾಗಿರಬೇಕು. 3,300 ಮೀಟರ್ ಉದ್ದ ಅಂದು ಪ್ರಯೋಜನಕ್ಕೆ ಬಂದದ್ದು ಈ ಕಾರಣಕ್ಕೆ.

ರನ್‌ವೇ ಮೇಲೆ ನೊರೆ ಹಾಸುವುದರಿಂದ ವಿಮಾನ ಸುಲಭವಾಗಿ ಜಾರುತ್ತದೆ ಎಂಬುದು ಜನಪ್ರಿಯ ನಂಬಿಕೆ. ಮೊದಲೇ ನೊರೆ ಹಾಸುವ ಪದ್ಧತಿಯನ್ನು ಅಮೆರಿಕದ ವಿಮಾನಯಾನ ಆಡಳಿತವು 1980ರ ದಶಕದಲ್ಲಿಯೇ ಶಿಫಾರಸಿನಿಂದ ಕೈಬಿಟ್ಟಿತು. ಪ್ರಯೋಜನ ಖಚಿತವಿಲ್ಲ, ನೊರೆಯ ದಾಸ್ತಾನು ಮಾತ್ರ ಬೆಂಕಿ ಹೊತ್ತುವ ಮೊದಲೇ ಬರಿದಾಗುವ ಭಯವಿದೆ.

ಇಂತಹ ಇಳಿಕೆಗಳನ್ನು 'ಪವಾಡ' ಎಂದು ಬಣ್ಣಿಸುವುದು ಮಾಧ್ಯಮಗಳ ರೂಢಿ. ತರಬೇತಿ, ಕೈಪಿಡಿ, ಉದ್ದದ ರನ್‌ವೇ ಮತ್ತು ಕಾದು ನಿಂತ ಅಗ್ನಿಶಾಮಕ ಸಿಬ್ಬಂದಿಯ ಕೆಲಸವನ್ನು ಪವಾಡದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಅಪಘಾತವೇ, ಘಟನೆಯೇ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಹದಿಮೂರನೆಯ ಅನುಬಂಧವು ಇಂತಹ ಪ್ರಕರಣಗಳನ್ನು ಅಪಘಾತ, ಗಂಭೀರ ಘಟನೆ ಮತ್ತು ಘಟನೆ ಎಂದು ವಿಂಗಡಿಸುತ್ತದೆ. ಯಾರಾದರೂ ಸತ್ತರೆ, ತೀವ್ರವಾಗಿ ಗಾಯಗೊಂಡರೆ, ವಿಮಾನ ಕಾಣೆಯಾದರೆ ಅಥವಾ ದೊಡ್ಡ ದುರಸ್ತಿ ಬೇಕಾಗುವಷ್ಟು ಅದರ ಕಟ್ಟುಮಸ್ತಿಗೆ ಪೆಟ್ಟಾದರೆ ಅದು ಅಪಘಾತ. ಟೈರು, ಬ್ರೇಕು, ಲ್ಯಾಂಡಿಂಗ್ ಗೇರಿನ ಬಾಗಿಲು, ಹೊರಮೈಯ ಸಣ್ಣ ತಗ್ಗುಗಳಿಗೆ ಸೀಮಿತವಾದ ಹಾನಿ ಅಪಘಾತದ ವ್ಯಾಖ್ಯೆಯಿಂದ ಹೊರಗೆ. ಆಡುಮಾತಿನಲ್ಲಿ ಎಲ್ಲವೂ ಅಪಘಾತವೇ; ಕಾನೂನಿನಲ್ಲಿ ಹಾಗಲ್ಲ. ಈ ವ್ಯತ್ಯಾಸ ತಿಳಿಯದೆ ವರ್ಷಕ್ಕೆ ಎಷ್ಟು ಅಪಘಾತಗಳಾದವು ಎಂಬ ಅಂಕಿಗಳನ್ನು ಹೋಲಿಸಿದರೆ ದಾರಿ ತಪ್ಪುವುದು ಖಚಿತ.

ಭಾರತದಲ್ಲಿ ತನಿಖೆಯ ಹೊಣೆ ಹೊತ್ತಿರುವುದು 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ಬ್ಯೂರೋ. 2017ರ ನಿಯಮಗಳ ಪ್ರಕಾರ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತಗಳನ್ನು ತಡೆಯುವುದು; ತಪ್ಪಿತಸ್ಥರನ್ನು ಗೊತ್ತುಮಾಡುವುದಲ್ಲ. ಪರವಾನಗಿ ನೀಡುವ, ನಿರ್ವಹಣೆಯನ್ನು ತಪಾಸಣೆ ಮಾಡುವ ಸಂಸ್ಥೆ ಡಿಜಿಸಿಎ. ತಪಾಸಣೆಯಲ್ಲಿಯೇ ಲೋಪವಿದ್ದರೆ ಅದನ್ನು ತಪಾಸಣಾ ಸಂಸ್ಥೆಯೇ ಹುಡುಕುವುದು ಕಷ್ಟವಾದ್ದರಿಂದ ಬ್ಯೂರೋವನ್ನು ಪ್ರತ್ಯೇಕವಾಗಿಡಲಾಗಿದೆ. ಆದರೆ ಎರಡೂ ಒಂದೇ ಸಚಿವಾಲಯದ ಅಡಿಯಲ್ಲಿವೆ ಎಂಬುದನ್ನೂ ಗಮನಿಸಬೇಕು. 1934ರ ವಿಮಾನ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದ ಮೇಲೂ ಈ ಏರ್ಪಾಡು ಮುಂದುವರಿದಿದೆ.

ಹೋಲಿಕೆಗೆ ಕೆಲವು ಪ್ರಕರಣಗಳು

ಇದೇ ನಿಲ್ದಾಣದ ಇತಿಹಾಸದಲ್ಲಿ ಎರಡು ಕರಾಳ ದಿನಗಳಿವೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ವಿಮಾನ, ಆಗ ಹೊಸದಾಗಿದ್ದ ಏರ್‌ಬಸ್ ಎ320, ರನ್‌ವೇಗೆ ತಲಪುವ ಮುನ್ನವೇ ನೆಲಕ್ಕಪ್ಪಳಿಸಿ 146 ಜನರ ಪೈಕಿ 92 ಮಂದಿ ಮಡಿದರು. 2009ರ ಮಾರ್ಚ್ 6ರಂದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಸರಸ್ ಎಂಬ ಲಘು ಸಾರಿಗೆ ವಿಮಾನದ ಎರಡನೆಯ ಮೂಲಮಾದರಿ ಇಲ್ಲಿಂದ ಪರೀಕ್ಷಾ ಹಾರಾಟಕ್ಕೆ ಹೊರಟು ಬಿಡದಿ ಸಮೀಪದ ಶೇಷಗಿರಿಹಳ್ಳಿಯಲ್ಲಿ ಬಿದ್ದಿತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಅವರು ಪ್ರಾಣ ತೆತ್ತರು. ಒಂದು ಎಂಜಿನನ್ನು ಉದ್ದೇಶಪೂರ್ವಕವಾಗಿ ಆರಿಸಿ ಮತ್ತೆ ಹೊತ್ತಿಸುವ ಪ್ರಯೋಗದಲ್ಲಿ ಅನುಸರಿಸಿದ ಕ್ರಮವೇ ಸರಿಯಿರಲಿಲ್ಲ, ಎತ್ತರವೂ ಸಾಲದಾಯಿತು ಎಂದು ತನಿಖೆ ಹೇಳಿತು. ಮೊದಲನೆಯದರಲ್ಲಿ ಯಂತ್ರ ಕೆಟ್ಟಿರಲಿಲ್ಲ. ಎರಡನೆಯದರಲ್ಲಿ ಬರೆದಿಟ್ಟ ಕ್ರಮವೇ ಕೈಕೊಟ್ಟಿತು. 2023ರಲ್ಲಿ ಯಂತ್ರ ಕೈಕೊಟ್ಟರೂ ಕ್ರಮ ಕಾಪಾಡಿತು.

ಎಚ್‌ಎಎಲ್ ಘಟನೆಗೆ ಆರು ವಾರಗಳ ಮುಂಚೆ, 2023ರ ಮೇ 30ರಂದು, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ ರೆಡ್‌ಬರ್ಡ್ ಸಂಸ್ಥೆಯ ತರಬೇತಿ ವಿಮಾನವು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲವೊಂದರಲ್ಲಿ ಇಳಿಯಬೇಕಾಯಿತು. ಅದರಲ್ಲಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯಗಳಾದವು. ಎರಡು ಪ್ರಕರಣಗಳ ನಡುವಿನ ಅಂತರ ದೊಡ್ಡದು. ಒಂದರಲ್ಲಿ ರನ್‌ವೇಗೆ ಹಿಂದಿರುಗುವ ಅವಕಾಶವಿತ್ತು. ಇನ್ನೊಂದರಲ್ಲಿ ಎದುರಿಗೆ ಸಿಕ್ಕ ಬಯಲೇ ಗತಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಆರು ತಿಂಗಳೊಳಗೆ ಐದು ಅವಘಡಗಳಾದ ಬಳಿಕ, ಡಿಜಿಸಿಎ ಆ ಸಂಸ್ಥೆಯ ತರಬೇತಿ ಹಾರಾಟಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಮೂತಿಯ ಗಾಲಿಯ ಅವಘಡಗಳಲ್ಲಿ ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದದ್ದು 2005ರ ಸೆಪ್ಟೆಂಬರ್ 21ರ ಜೆಟ್‌ಬ್ಲೂ 292. ಅಮೆರಿಕದ ಬರ್ಬ್ಯಾಂಕ್‌ನಿಂದ ನ್ಯೂಯಾರ್ಕಿಗೆ ಹೊರಟಿದ್ದ ಏರ್‌ಬಸ್ ಎ320ರ ಮೂತಿಯ ಗಾಲಿ 90 ಡಿಗ್ರಿ ತಿರುಗಿ ಅಡ್ಡಲಾಗಿ ನಿಂತಿತ್ತು. ಇಂಧನ ಕರಗಿಸಲು ಸುಮಾರು ಮೂರು ಗಂಟೆ ಸುತ್ತು ಹಾಕಿ ಲಾಸ್ ಏಂಜಲೀಸ್‌ನಲ್ಲಿ ಇಳಿಯಿತು. ಆಸನದ ಹಿಂಬದಿಯ ದೂರದರ್ಶನದಲ್ಲಿ ಪ್ರಯಾಣಿಕರು ತಮ್ಮದೇ ವಿಮಾನದ ಸಂಕಟವನ್ನು ನೇರಪ್ರಸಾರದಲ್ಲಿ ನೋಡುತ್ತಿದ್ದರು. ಗಾಲಿಯ ರಬ್ಬರು ಸುಟ್ಟು ಕಿಡಿ ಹಾರಿದರೂ ಯಾರಿಗೂ ಗಾಯವಾಗಲಿಲ್ಲ. ನಮ್ಮ ನೆರೆಯ ತಿರುಚಿರಾಪಳ್ಳಿಯಲ್ಲಿ 2024ರ ಅಕ್ಟೋಬರ್ 11ರಂದು ಹೈಡ್ರಾಲಿಕ್ ದೋಷಕ್ಕೊಳಗಾದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವೂ ಇದೇ ಬಗೆಯಲ್ಲಿ ಎರಡು ಗಂಟೆಗೂ ಮಿಗಿಲಾಗಿ ಸುತ್ತಿ, ಬಳಿಕ ಕ್ಷೇಮವಾಗಿ ಇಳಿಯಿತು.

ಸಣ್ಣ ನಿಲ್ದಾಣಗಳ ಪ್ರಶ್ನೆ

ಬೆಂಗಳೂರಿನ ಈ ಘಟನೆ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಗೆ ದೂರದ್ದೆಂದು ತೋರಬಹುದು. ಆದರೆ ಲಘು ವಿಮಾನಗಳು ಹೆಚ್ಚಾಗಿ ಬಳಸುವುದು ಇಂತಹ ಸೀಮೆಗಳ ನಿಲ್ದಾಣಗಳನ್ನೇ. ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್ ದೂರದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗಾಗಿ ನಿರ್ಮಾಣಗೊಂಡ ಜಿಂದಾಲ್ ವಿಜಯನಗರ ವಿಮಾನ ನಿಲ್ದಾಣವು 2017ರಲ್ಲಿ ಉಡಾನ್ ಯೋಜನೆಯ ಮೂಲಕ ಸಾರ್ವಜನಿಕರಿಗೂ ತೆರೆಯಿತು. ಕೊಪ್ಪಳ ಜಿಲ್ಲೆಯ ಗಿಣಿಗೇರಾದಲ್ಲಿ ಖಾಸಗಿ ಏರ್‌ಸ್ಟ್ರಿಪ್ ಇದೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಡ್ಡಿರಾಂಪುರದಲ್ಲಿ ನಿಂತವರು ಹಂಪಿ ಉತ್ಸವದ ದಿನಗಳಲ್ಲಿ ಪ್ರವಾಸಿಗರನ್ನು ಹೊತ್ತ ಹೆಲಿಕಾಪ್ಟರ್‌ಗಳನ್ನು ತಲೆಯ ಮೇಲೆಯೇ ಕಾಣುತ್ತಾರೆ. ಚುನಾವಣೆಯ ಕಾಲದಲ್ಲಂತೂ ಬಾಡಿಗೆ ವಿಮಾನಗಳ ಓಡಾಟ ಇನ್ನಷ್ಟು ಹೆಚ್ಚು.

ನಿಲ್ದಾಣವೊಂದರಲ್ಲಿ ಎಷ್ಟು ಅಗ್ನಿಶಾಮಕ ವಾಹನ, ಎಷ್ಟು ನೀರು, ಎಷ್ಟು ನೊರೆ ಇರಬೇಕೆಂಬುದು ಅಲ್ಲಿಗೆ ಬರುವ ವಿಮಾನಗಳ ಗಾತ್ರಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ದೊಡ್ಡ ವಿಮಾನ ಬರುವ ನಿಲ್ದಾಣದಲ್ಲಿ ಇಳಿದ ಸಣ್ಣ ವಿಮಾನಕ್ಕೆ ಅಗತ್ಯಕ್ಕಿಂತ ಹೆಚ್ಚಿನ ರಕ್ಷಣೆ ಸಿಗುತ್ತದೆ. ಸಣ್ಣ ವಿಮಾನಕ್ಕೆಂದೇ ಇರುವ ಏರ್‌ಸ್ಟ್ರಿಪ್‌ನಲ್ಲಿ ಕನಿಷ್ಠ ರಕ್ಷಣೆಯಷ್ಟೇ. ಇನ್ನೊಂದು ತೊಡಕೂ ಉಂಟು. ಒಂದೇ ರನ್‌ವೇ ಇರುವಲ್ಲಿ ಮೂತಿ ಊರಿ ನಿಂತ ವಿಮಾನವನ್ನು ಕ್ರೇನ್‌ನಿಂದ ಎತ್ತಿ ಸಾಗಿಸುವವರೆಗೆ ಬೇರಾವ ವಿಮಾನವೂ ಇಳಿಯಲಾಗದು. ಆ ಹೊತ್ತಿಗೆ ಆಕಾಶದಲ್ಲಿರುವ ವಿಮಾನ ಬೇರೆ ನಿಲ್ದಾಣ ತಲಪುವಷ್ಟು ಇಂಧನವನ್ನು ಹೊತ್ತಿರಬೇಕೆಂಬ ನಿಯಮವಿರುವುದು ಈ ಕಾರಣದಿಂದಲೇ. ಮೂತಿಯ ಗಾಲಿ ಕೆಟ್ಟ ಪೈಲಟ್ ಸಹ, ಇಂಧನ ಸಾಕಷ್ಟಿದ್ದರೆ, ಹೊರಟ ಏರ್‌ಸ್ಟ್ರಿಪ್‌ಗೆ ಹಿಂದಿರುಗದೆ ಉದ್ದದ ರನ್‌ವೇ ಮತ್ತು ಪೂರ್ಣ ಅಗ್ನಿಶಾಮಕ ದಳವಿರುವ ದೂರದ ನಿಲ್ದಾಣವನ್ನು ಆರಿಸಿಕೊಳ್ಳಬಹುದು. ವಿಟಿ-ಕೆಬಿಎನ್ ವಿಮಾನಕ್ಕೆ ಆ ಆಯ್ಕೆಯ ಅಗತ್ಯ ಬೀಳಲಿಲ್ಲ. ಅದು ಹೊರಟದ್ದೇ ಅಂತಹ ನಿಲ್ದಾಣದಿಂದ.